ಡಾಕ್ಟ್ರೇ, ಮೊದಲು ನಮ್ಮ ನೀರು ಕೇಳಿ, ಆಮೇಲೆ ನಮ್ಮ ವಯಸ್ಸು ಕೇಳಿ!

ಗೊರವನಹಳ್ಳಿಗೆ ಬಂದಿರುವ ಅಮ್ಮಂದಿರೇ, ಅಕ್ಕಂದಿರೇ, ಅಣ್ಣತಮ್ಮಂದಿರೇ! ಮಧುಗಿರಿಯವರೇ, ಶಿರಾದವರೇ, ಕೊರಟಗೆರೆಯವರೇ, ಪಾವಗಡದವರೇ!

ಈ ಕಾಗದ ಹರಿದು ಬಿಸಾಕಬೇಡಿ. ಪುಳಿಯೋಗರೆ ತಿಂದ ಕೈ ಒರೆಸಲೂ ಬೇಡಿ. ಇದು ಚುನಾವಣೆಯದ್ದಲ್ಲ. ಫೈನಾನ್ಸ್ ಕಂಪನಿಯದ್ದಲ್ಲ. ನೂರು ಪ್ರತಿ ಅಚ್ಚು ಹಾಕಿಸಿ ಹಂಚದಿದ್ದರೆ ರಕ್ತ ಕಾರುತ್ತೀರಿ ಅಂತ ಹೆದರಿಸುವ ದೇವರ ಕಾಗದವೂ ಅಲ್ಲ. ಇದು ನಿಮ್ಮ ಸೊಂಟದ ವಿಷಯ. ನಿಮ್ಮ ಮಂಡಿಯ ವಿಷಯ. ನಿಮ್ಮ ಮಾತನ್ನು ಯಾರೂ ನಂಬದ ವಿಷಯ.

ಮಹಾಲಕ್ಷ್ಮಿಯ ಸಾಲಿನಲ್ಲಿ ನಿಂತಿದ್ದೀರಿ. ನಿಂತಲ್ಲೇ ಈ ಕಾಲಿನಿಂದ ಆ ಕಾಲಿಗೆ ಭಾರ ಹಾಕುತ್ತಿದ್ದೀರಿ. ತಾಯಿಗೆ ಅಡ್ಡ ಬೀಳೋಣ ಅಂದರೆ ಬೆನ್ನು ಬಗ್ಗದು. ನಿಂತೇ ಕೈಮುಗಿಯುತ್ತೀರಿ. ಹಿಂದಿನಿಂದ ಯಾರಾದರೂ ಕೂಗಿದರೆ ಕತ್ತು ತಿರುಗದು, ಇಡೀ ಮೈ ತಿರುಗಿಸುತ್ತೀರಿ. ನಾವೂ ಅಷ್ಟೇ!

ಡಾಕ್ಟರ ಹತ್ತಿರ ಹೋಗಿದ್ದೀರಲ್ಲ? ಏನಂದರು?

"ವಯಸ್ಸಾಯ್ತಲ್ಲಮ್ಮ." "ವಾಯು ಅಷ್ಟೇ." "ಗ್ಯಾಸ್ಟ್ರಿಕ್ ಇದೆ, ಖಾರ ಬಿಡು." "ವೀಕ್‌ನೆಸ್ಸು, ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸ್ಕೊಂಡು ಹೋಗು." ಮೂರನೇ ಸಲ ಹೋದರೆ ಮುಖ ಕೂಡ ನೋಡರು. "ಎಲ್ಲಾ ನಿನ್ನ ಮನಸ್ಸಲ್ಲಿರೋದು. ಟೆನ್ಷನ್ ಮಾಡ್ಕೋಬೇಡ."

ಮನಸ್ಸಲ್ಲಿರೋದಾ? ಬಗ್ಗದ ಬೆನ್ನು ಮನಸ್ಸಲ್ಲಿದೆಯಾ? ನೆಟ್ಟಗಾಗದ ಮೊಣಕೈ ಮನಸ್ಸಲ್ಲಿದೆಯಾ? ಬೆಳಿಗ್ಗೆ ಎದ್ದು ಗೋಡೆ ಹಿಡಿದು ಬಚ್ಚಲಿಗೆ ಹೋಗುವ ಮೂವತ್ತೈದರ ಹೆಂಗಸಿಗೆ ವಯಸ್ಸಾಯಿತಾ? ಹಾಗಾದರೆ ಬೆಂಗಳೂರಿನಲ್ಲಿ ಆ ವಯಸ್ಸಿಗೆ ಇನ್ನೂ ಮದುವೆ ಆಗಿರುವುದಿಲ್ಲವಲ್ಲ ಸ್ವಾಮಿ!

ಯಾರು ನಾವು? ಕಡ್ಲೆಕಾಯಿ ಹೊಲದಲ್ಲಿ ಕೂತು ಕಳೆ ತೆಗೆಯುವವರು. ಹುಣಸೆಹಣ್ಣು ಬಡಿದು ಬೀಜ ಬಿಡಿಸುವವರು. ಕುರಿ ಹಿಂದೆ ಹೋಗುವವರು. ಬೆಳಗಿನ ಬಸ್ಸಿಗೆ ಹತ್ತಿ ಗಾರ್ಮೆಂಟ್ಸಿಗೆ ಹೋಗಿ ಕತ್ತಲಾದ ಮೇಲೆ ಇಳಿಯುವವರು. ನಮಗೆ ಮೈಯೇ ಬಂಡವಾಳ. ಕೂರಲು ಆಗದಿದ್ದರೆ ಕಳೆ ಕೂಲಿ ಹೋಯಿತು. ಕೈ ಎತ್ತಲು ಆಗದಿದ್ದರೆ ಹುಣಸೆ ಕೂಲಿ ಹೋಯಿತು. ನರೇಗಾದಲ್ಲಿ ಗುದ್ದಲಿ ಎತ್ತದವಳಿಗೆ ಮೇಸ್ತ್ರಿ ಏನನ್ನುತ್ತಾನೆ ಅಂತ ಇಲ್ಲಿ ಬರೆಯುವುದು ಬೇಡ, ನಿಮಗೇ ಗೊತ್ತು.

ಮನೆಯಲ್ಲೂ ಅದೇ. ಡಾಕ್ಟರು "ಏನಿಲ್ಲ" ಅಂದ ಮೇಲೆ ಮನೆಯವರಿಗೂ ಧೈರ್ಯ ಬಂತು! "ಡಾಕ್ಟ್ರೇ ಹೇಳಿದ್ರಲ್ಲ, ಏನಿಲ್ಲ ಅಂತ. ಕೆಲಸ ಅಂದ್ರೆ ಮಾತ್ರ ಸೊಂಟ ನೋವಾ?" ಅತ್ತೆ ಅನ್ನುತ್ತಾಳೆ. ಗಂಡ ಅನ್ನುತ್ತಾನೆ. ಕೊನೆಗೆ ನಾವೇ ನಮ್ಮನ್ನು ಅನುಮಾನಿಸುತ್ತೇವೆ. ನಿಜಕ್ಕೂ ಏನೂ ಇಲ್ಲವೇನೋ? ನಾನೇ ಸೋಮಾರಿಯೇನೋ? ಯಾರೋ ಮಾಟ ಮಾಡಿಸಿದ್ದಾರೇನೋ? ಪಾವಗಡದ ಶನಿಮಹಾತ್ಮನಿಗೆ ಎಳ್ಳೆಣ್ಣೆ ಹಚ್ಚುತ್ತೇವೆ. ಗೊರವನಹಳ್ಳಿಗೆ ಹರಕೆ ಹೊರುತ್ತೇವೆ. ಹೊರಿ, ಬೇಡ ಅನ್ನುವವರು ನಾವಲ್ಲ. ಆದರೆ ಶನಿಯ ಮೇಲೆ ಹಾಕುವ ಮೊದಲು ಒಂದು ಲೋಟ ನೀರು ತಗೊಳ್ಳಿ. ದಿನಾ ಕುಡಿಯುವ ನೀರು. ಅದನ್ನು ನೋಡಿ.

ಕಣ್ಣಿಗೆ ಸ್ವಚ್ಛ! ಬಣ್ಣ ಇಲ್ಲ, ವಾಸನೆ ಇಲ್ಲ. ಅದರಲ್ಲಿ ಫ್ಲೋರೈಡ್ ಇದ್ದರೆ ನಾಲಿಗೆಗೆ ಗೊತ್ತಾಗದು. ಮೂಳೆಗೆ ಗೊತ್ತಾಗುತ್ತದೆ.

ನಮ್ಮ ಸೀಮೆಯ ನೆಲದಡಿ ಗ್ರಾನೈಟು, ನೈಸು ಬಂಡೆ. ಮಧುಗಿರಿಯ ಬೆಟ್ಟ ನೋಡಿದ್ದೀರಲ್ಲ, ಏಕಶಿಲೆ. ಅಂಥ ಕಲ್ಲಿನ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತರೆ ಅದು ಕರಗಿ ನೀರಿಗೆ ಇಳಿಯುತ್ತದೆ. ಹಿಂದೆ ನಮ್ಮವರಿಗೆ ತಲಪರಿಗೆ ಇತ್ತು. ಕೆರೆ ಕೆಳಗೆ, ಹಳ್ಳದ ಮರಳಿನಲ್ಲಿ ತಾನಾಗಿ ಉಕ್ಕುವ ನೀರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರಿಗೆ ಅದು ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿಲ್ಲ. ಮರಳು ಹೋಯಿತು. ತಲಪರಿಗೆ ಮುಚ್ಚಿತು. ಬೋರ್‌ವೆಲ್ ಬಂತು. ನೂರಡಿ ಇದ್ದದ್ದು ಸಾವಿರ ಅಡಿ ದಾಟಿತು. ಆಳದಲ್ಲಿದ್ದ ಹಳೇ ನೀರನ್ನು ಎತ್ತಿ ಮಕ್ಕಳಿಗೆ ಕುಡಿಸಿದೆವು. ಬೇರೆ ನೀರು ಎಲ್ಲಿತ್ತು?

ಭಾರತದ ಮಾನದಂಡದಲ್ಲಿ ಒಂದು ಲೀಟರ್ ನೀರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸಾಕು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ಅದರಾಚೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ 1.5. ಪಾವಗಡ, ಮಧುಗಿರಿ, ಶಿರಾದಲ್ಲಿ ಈ ಗೆರೆ ದಾಟಿದ ಬೋರ್‌ವೆಲ್‌ಗಳಿವೆ ಅನ್ನುವುದು ಸರ್ಕಾರದ ಕಾಗದದಲ್ಲೇ ಇದೆ. ಇದು ಗುಟ್ಟೇನಲ್ಲ! ನೀರಿನ ಇಲಾಖೆಗೆ ಗೊತ್ತು. ತಾಲ್ಲೂಕು ಪಂಚಾಯಿತಿಗೆ ಗೊತ್ತು. ಪೇಪರಿನವರಿಗೆ ಗೊತ್ತು. ನೋವು ಅಂತ ಹೋದರೆ ಪರೀಕ್ಷೆ ಮಾಡುವ ಕೋಣೆಯಲ್ಲಿ ಮಾತ್ರ ಯಾರಿಗೂ ನೆನಪಾಗದು.

ಈ ರೋಗಕ್ಕೆ ಫ್ಲೋರೋಸಿಸ್ ಅನ್ನುತ್ತಾರೆ. ಹೊಸದಲ್ಲ. 1937ರಲ್ಲೇ ಮದ್ರಾಸ್ ಪ್ರೆಸಿಡೆನ್ಸಿಯ ನೆಲ್ಲೂರು ಸೀಮೆಯಿಂದ ವೈದ್ಯರು ಇದನ್ನು ಬರೆದು ಪ್ರಕಟಿಸಿದರು. ನೆಲ್ಲೂರು ಎಲ್ಲೋ ದೂರದ ದೇಶವಲ್ಲ. ನಮ್ಮ ಜಯಮಂಗಲಿ ಉತ್ತರ ಪಿನಾಕಿನಿಗೆ ಸೇರುತ್ತಾಳಲ್ಲ, ಆ ಪಿನಾಕಿನಿ ಸಮುದ್ರ ಸೇರುವುದೇ ಆ ಕಡೆ. ಅಲ್ಲಿ ಮೊದಲು ನೋವು ಕಂಡದ್ದು ಎತ್ತುಗಳಲ್ಲೇ ಅಂತೆ. ಉಳುವ ಎತ್ತುಗಳು ಕೀಲು ಹಿಡಿದು ನಡೆಯಲಾರದೆ ನಿಂತವು. ರೈತರು ಗಮನಿಸಿದರು. ಆಮೇಲೆ ಮನುಷ್ಯರಲ್ಲೂ ಕಂಡಿತು.

ನೋಡಿ! ಎತ್ತು ಕುಂಟಿದರೆ ಯಾರೂ "ನಿನ್ನ ಮನಸ್ಸಲ್ಲಿರೋದು" ಅನ್ನಲಿಲ್ಲ!

ಈಗ ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಿಮ್ಮ ಮನೆಯವರ ಮುಖ ನೆನಪು ಮಾಡಿಕೊಂಡು ಓದಿ.

ಮೊದಲು ಹೊಟ್ಟೆ. ಹಸಿವಿಲ್ಲ. ವಾಕರಿಕೆ. ಹೊಟ್ಟೆ ಉಬ್ಬರ. ಮಲಬದ್ಧತೆ. ಎಷ್ಟು ಕುಡಿದರೂ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ. ಎದ್ದರೂ ಸುಸ್ತು, ಮಲಗಿದರೂ ಸುಸ್ತು. ಫ್ಲೋರೋಸಿಸ್‌ಗಾಗಿಯೇ ಬದುಕು ಸವೆಸಿದ ವಿಜ್ಞಾನಿ ಎ.ಕೆ. ಸುಶೀಲಾ ಇವು ಫ್ಲೋರೈಡಿನ ಮೊದಲ ಗುರುತುಗಳಾಗಿರಬಹುದು ಅಂತ ದಶಕಗಳ ಹಿಂದೆಯೇ ತೋರಿಸಿದರು. ನೀರು ಬದಲಾಯಿಸಿದರೆ ಈ ಹೊಟ್ಟೆಯ ಕಾಟ ಕೆಲವು ವಾರಗಳಲ್ಲೇ ಇಳಿಯುತ್ತದೆ ಅಂತಲೂ ಹೇಳಿದರು. ಔಷಧಿ ಅಲ್ಲ, ಇಂಜೆಕ್ಷನ್ ಅಲ್ಲ, ನೀರು! ಆದರೆ ನಮಗೆ ಸಿಕ್ಕಿದ್ದೇನು? ಖಾಲಿ ಹೊಟ್ಟೆಗೆ ಒಂದು ಗ್ಯಾಸ್ ಮಾತ್ರೆ. ವರ್ಷಗಟ್ಟಲೆ ಅದೇ ಮಾತ್ರೆ. ಅದನ್ನು ನುಂಗಿದ್ದು ಯಾವ ನೀರಲ್ಲಿ? ಅದೇ ಬೋರ್ ನೀರಲ್ಲಿ!

ಆಮೇಲೆ ಕೀಲು. ಕತ್ತು, ಬೆನ್ನು, ಸೊಂಟ, ಮಂಡಿ. ನೋವಿದೆ, ಊತ ಕಾಣದು. ಊತ ಕಾಣದ್ದಕ್ಕೇ ನಂಬುವವರಿಲ್ಲ. ಈ ಹಂತದಲ್ಲಿ ಎಕ್ಸ್‌ರೇ ತೆಗೆದರೂ ಕೆಲವರಿಗೆ ಏನೂ ಕಾಣದಿರಬಹುದು. "ನೋಡು, ನಾರ್ಮಲ್ ಇದೆ" ಅಂತ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸುತ್ತಾರೆ. ಫಿಲ್ಮ್ ನಾರ್ಮಲ್. ನಾವು ಮಾತ್ರ ಮೆಟ್ಟಿಲು ಹತ್ತಲಾರೆವು.

ಕೊನೆಗೆ ಮೂಳೆ ದಪ್ಪವಾಗುತ್ತದೆ, ಮೂಳೆಯ ಸುತ್ತಲಿನ ನಾರು ಸುಣ್ಣಗಟ್ಟುತ್ತದೆ, ಬೆನ್ನುಮೂಳೆ ಒನಕೆಯ ಹಾಗೆ ಒಂದೇ ತುಂಡಾಗುತ್ತದೆ. ಕೆಲವರಿಗೆ ಒಳಗಿನ ನರ ಒತ್ತಿಹೋಗಿ ಕಾಲೇ ನಿಂತುಹೋಗುತ್ತದೆ. ಆಗ ಎಕ್ಸ್‌ರೇಯಲ್ಲಿ ಎಲ್ಲಾ ಚೆನ್ನಾಗಿ ಕಾಣುತ್ತದೆ. ಆಗ ಡಾಕ್ಟರು ನಂಬುತ್ತಾರೆ. ಆಗ ಹೇಳುತ್ತಾರೆ: "ಇಷ್ಟು ದಿನ ಎಲ್ಲಿದ್ರಿ?"

ಎಲ್ಲಿದ್ದೆವಾ? ನಿಮ್ಮ ಬಾಗಿಲಲ್ಲೇ ಇದ್ದೆವು!

ಗಟ್ಟಿಯಾದ ಬೆನ್ನನ್ನು ಮತ್ತೆ ಬಗ್ಗಿಸುವ ಮಾತ್ರೆ ಇಲ್ಲ. ಅದಕ್ಕೇ ಆ ಮೊದಲ ದಿನಗಳು ಮುಖ್ಯ. "ಏನಿಲ್ಲ ಹೋಗು" ಅಂದ ಒಂದೊಂದು ಸಲಕ್ಕೂ ನಮ್ಮ ಮೂಳೆ ಲೆಕ್ಕ ಕೊಡುತ್ತಿದೆ.

ಮಕ್ಕಳದ್ದು ಬೇರೆ ಕಥೆ. ಹಲ್ಲು ಹುಟ್ಟುವ ವಯಸ್ಸಿನಲ್ಲಿ ಈ ನೀರು ಕುಡಿದರೆ ಹಲ್ಲಿನ ಮೇಲೆ ಸುಣ್ಣದ ಬಿಳಿ ಮಚ್ಚೆ, ಆಮೇಲೆ ಹಳದಿ, ಕಂದು ಪಟ್ಟೆ. ಉಜ್ಜಿದರೆ ಹೋಗದು. ಅದು ಹಲ್ಲಿನ ಒಳಗಿನದು. ಆದರೂ ಮೇಷ್ಟ್ರು ಬೈಯುತ್ತಾರೆ, "ಹಲ್ಲುಜ್ಜಿ ಬಾರೋ!" ಹುಡುಗಿಯರು ಬಾಯಿ ಮೇಲೆ ಸೆರಗು, ವೇಲು ಇಟ್ಟುಕೊಂಡು ನಗುವುದನ್ನು ಕಲಿಯುತ್ತಾರೆ. ಹೆಣ್ಣು ನೋಡಲು ಬಂದವರು ಜಾತಕ ಆಮೇಲೆ ಕೇಳುತ್ತಾರೆ, ಮೊದಲು ನಗಿಸಿ ನೋಡುತ್ತಾರೆ. ಕೆಲವು ಮಕ್ಕಳಿಗೆ ಮಂಡಿ ಒಳಕ್ಕೆ ಬಾಗಿ ಒಂದಕ್ಕೊಂದು ಉಜ್ಜುತ್ತದೆ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಇಂಥ ಮಂಡಿಗಳ ಬಗ್ಗೆ 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಲಂಡನ್ನಿನವರು ಓದಿದರು. ನಮ್ಮ ಹೋಬಳಿಯಲ್ಲಿ ಇನ್ನೂ "ಹುಟ್ಟಿದಾಗಿಂದ ಹಾಗೇ ಇರ್ಬೇಕು" ಅನ್ನುತ್ತಿದ್ದಾರೆ!

ಇಲ್ಲಿ ಒಂದು ಮಾತನ್ನು ಸೊಸೆಯಂದಿರಿಗೆ ಹೇಳಲೇಬೇಕು. ನೀವು ಒಳ್ಳೆ ನೀರಿರುವ ತವರಿಂದ ಬಂದವರು. ಹಲ್ಲು ಮಲ್ಲಿಗೆ ಮೊಗ್ಗಿನಷ್ಟು ಬಿಳಿ. ಡಾಕ್ಟರು ಬಾಯಿ ನೋಡುತ್ತಾರೆ, "ನಿಂಗೇನೂ ಫ್ಲೋರೈಡ್ ಇಲ್ಲಮ್ಮ" ಅನ್ನುತ್ತಾರೆ. ತಪ್ಪು! ನಿಮ್ಮ ಹಲ್ಲು ತವರಿನ ನೀರಲ್ಲಿ ಬಲಿತದ್ದು. ನಿಮ್ಮ ಮೂಳೆ ಗಂಡನ ಮನೆಯ ನೀರು ಕುಡಿಯುತ್ತಿದೆ. ಬಿಳಿ ಹಲ್ಲಿನವರಿಗೂ ಮೂಳೆಯ ಫ್ಲೋರೋಸಿಸ್ ಬರುತ್ತದೆ. ಬಸಿರು, ಬಾಣಂತನ, ಮೇಲೆ ಸುಣ್ಣದ ಅಂಶ ಕಡಿಮೆ ಇರುವ ಊಟ. ಎಲ್ಲರಿಗೂ ಬಡಿಸಿ ಉಳಿದದ್ದು ನಿಮಗೆ, ಹಾಲು ಡೇರಿಗೆ. ಹೀಗೆ ಸುಣ್ಣ ಸಾಲದ ಮೈಯಲ್ಲಿ ಫ್ಲೋರೈಡಿನ ಹಾವಳಿ ಇನ್ನೂ ಜಾಸ್ತಿ. ಅದಕ್ಕೇ ನಮ್ಮಲ್ಲಿ ಹೆಂಗಸರು ಇಷ್ಟು ನರಳುವುದು. ಹೆಚ್ಚು ಬೈಸಿಕೊಳ್ಳುವವರೂ ಅವರೇ!

ಇನ್ನು ನೋವಿನ ಇಂಜೆಕ್ಷನ್. ಇದರ ಬಗ್ಗೆ ಸಿಟ್ಟು ತಡೆಯುವುದು ಕಷ್ಟ.

ನೋವು ಅಂದ ಕೂಡಲೇ ಡೈಕ್ಲೋಫಿನಾಕ್. ಸೊಂಟಕ್ಕೆ ಒಂದು ಚುಚ್ಚು, ಕೈಗೆ ಹತ್ತು ಮಾತ್ರೆ. ಎರಡು ದಿನ ಹಗುರ. ಮೂರನೇ ದಿನ ಮತ್ತೆ ಹಾಜರ್. ಡಾಕ್ಟರು ಸಿಗದ ದಿನ ಮೆಡಿಕಲ್ ಶಾಪಿನ ಹುಡುಗನೇ ಕೊಡುತ್ತಾನೆ. ಊರೂರು ಬ್ಯಾಗ್ ಹಿಡಿದು ಬರುವವನು ಅದರ ಜೊತೆ ಸ್ಟೀರಾಯ್ಡ್ ಸೇರಿಸಿ ಚುಚ್ಚುತ್ತಾನೆ, ಮ್ಯಾಜಿಕ್ ಆದಂತೆ ನೋವು ಮಾಯ! ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದರೆ ಕಿಡ್ನಿ ಹಾಳಾಗಬಹುದು. ಮೈಗೆ ಸೇರಿದ ಫ್ಲೋರೈಡನ್ನು ಹೊರಗೆ ಹಾಕಬೇಕಾದ್ದು ಯಾರು? ಅದೇ ಕಿಡ್ನಿ! ಕಿಡ್ನಿ ಸೋತರೆ ಫ್ಲೋರೈಡ್ ಮೈಯಲ್ಲೇ ನಿಲ್ಲುತ್ತದೆ, ನೋವು ಹೆಚ್ಚುತ್ತದೆ, ಮತ್ತೆ ಮಾತ್ರೆ. ಸುತ್ತು ಗೊತ್ತಾಯಿತಾ? ಈ ಸುತ್ತಿನೊಳಗೆ ನಮ್ಮವರು ಎಷ್ಟು ಜನ ತಿರುಗಿ ತಿರುಗಿ ತುಮಕೂರಿನ ಡಯಾಲಿಸಿಸ್ ಬಾಗಿಲಿಗೆ ಹೋಗಿ ನಿಂತರು ಅಂತ ಲೆಕ್ಕ ಇಟ್ಟವರು ಯಾರು?

ಸರ್ಕಾರ ಏನೂ ಮಾಡಿಲ್ಲ ಅಂತ ನಾವು ಹೇಳುತ್ತಿಲ್ಲ. ಮಾಡಿದೆ, ಕಾಗದದ ಮೇಲೆ ಚೆನ್ನಾಗಿಯೇ ಮಾಡಿದೆ. ಫ್ಲೋರೋಸಿಸ್ ತಡೆಗೆ ಅಂತಲೇ ಒಂದು ರಾಷ್ಟ್ರೀಯ ಕಾರ್ಯಕ್ರಮ ಇದೆ. 2008-09ರಿಂದ ಇದೆ! ಜಿಲ್ಲೆಗೊಬ್ಬ ಸಲಹೆಗಾರ, ನೀರು ಮತ್ತು ಮೂತ್ರದ ಫ್ಲೋರೈಡ್ ಅಳೆಯಲು ಅಯಾನ್ ಮೀಟರ್ ಇರುವ ಪ್ರಯೋಗಾಲಯ, ಡಾಕ್ಟರುಗಳಿಗೆ ತರಬೇತಿ, ಬಾಗಿದ ಕಾಲಿಗೆ ಶಸ್ತ್ರಚಿಕಿತ್ಸೆ, ಆಮೇಲೆ ಪುನರ್ವಸತಿ. ಎಲ್ಲಾ ಅದರಲ್ಲಿ ಬರೆದಿದೆ. ನಿಮಗೆ ಗೊತ್ತಿತ್ತಾ? ನಿಮ್ಮ ಪಿಎಚ್‌ಸಿ ಗೋಡೆಯ ಮೇಲೆ ಡೆಂಗಿ ಸೊಳ್ಳೆಯ ಚಿತ್ರ ಇದೆ. ಇದರ ಬೋರ್ಡ್ ಎಲ್ಲಾದರೂ ನೋಡಿದ್ದೀರಾ?

ಪಾವಗಡದ ತಿರುಮಣಿಯಿಂದ 2,050 ಮೆಗಾವಾಟ್ ಸೋಲಾರ್ ಕರೆಂಟು ಊರಾಚೆ ಹರಿಯುತ್ತದೆ. ಒಂದು ಅಯಾನ್ ಮೀಟರ್ ಓಡಿಸಲು ಎಷ್ಟು ಕರೆಂಟು ಬೇಕು ಸ್ವಾಮಿ?

"ಹೊಳೆ ನೀರು ಬರ್ತಾ ಇದೆ, ಎಲ್ಲಾ ಸರಿಹೋಗುತ್ತೆ" ಅನ್ನುವವರಿದ್ದಾರೆ. ತುಂಗಭದ್ರೆಯ ಹಿನ್ನೀರು ಪಾವಗಡಕ್ಕೆ ಅಂದರು. ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಪೂಜೆ ಆಯಿತು, ಅದರ ನೀರು ನಿಲ್ಲಿಸುವ ಜಾಗ ಅಂತ ನಮ್ಮದೇ ಕೊರಟಗೆರೆಯ ಬೈರಗೊಂಡ್ಲುವಿನ ಹೆಸರು ಹೇಳಿದರು. ಬರಲಿ! ಬಂದ ದಿನ ನಾವೂ ಬಾಗಿನ ಬಿಡುತ್ತೇವೆ, ಬಗ್ಗಲು ಆಗದಿದ್ದರೆ ಮಕ್ಕಳ ಕೈಲಿ ಬಿಡಿಸುತ್ತೇವೆ. ಆದರೆ ನಲ್ಲಿಯಲ್ಲಿ ಹೊಳೆ ಬಂದ ಮಾತ್ರಕ್ಕೆ ಮೂವತ್ತು ವರ್ಷ ಬೋರ್ ನೀರು ಕುಡಿದ ಮೂಳೆ ಹೊಸದಾಗುತ್ತದಾ? ನೀರಿನವರು ನೀರು ತರಲಿ. ಡಾಕ್ಟರು ನಮ್ಮ ಮೈ ನೋಡಲಿ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದು ಸಾಕು!

ಡಾಕ್ಟರುಗಳೆಲ್ಲ ಕೆಟ್ಟವರು ಅಂತಲೂ ನಾವು ಹೇಳುವುದಿಲ್ಲ. ಒಬ್ಬರೇ ಕೂತು ಇಡೀ ಹೋಬಳಿಯ ಜ್ವರ, ಕೆಮ್ಮು, ಹಾವು ಕಡಿತ, ಹೆರಿಗೆ ನೋಡಬೇಕು. ಸಾಲು ಬಾಗಿಲ ಹೊರಗೆ ಮರದ ತನಕ ಇರುತ್ತದೆ. ಕೆಲವರು ನಮ್ಮ ಮಾತು ಕೇಳಿದ್ದಾರೆ, ಬೆನ್ನು ಮುಟ್ಟಿ ನೋಡಿದ್ದಾರೆ, ಅವರ ಹೊಟ್ಟೆ ತಣ್ಣಗಿರಲಿ. ಆದರೆ "ನೀವು ಯಾವ ನೀರು ಕುಡಿಯುತ್ತೀರಿ" ಅಂತ ಕೇಳಲು ಎಷ್ಟು ಹೊತ್ತು ಬೇಕು? ವಯಸ್ಸು ಕೇಳುವಷ್ಟೇ ಹೊತ್ತು! "ಮನಸ್ಸಿನದು" ಅನ್ನಲು ಬೇಕಾದಷ್ಟೇ ಹೊತ್ತು!

ಈಗ ಕೆಲಸಕ್ಕೆ ಬನ್ನಿ.

ಇಲ್ಲೇ, ನಿಂತಲ್ಲೇ, ಒಬ್ಬರನ್ನೊಬ್ಬರು ನೋಡಿಕೊಳ್ಳಿ. ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಿ. ಗದ್ದವನ್ನು ಎದೆಗೆ ತಾಗಿಸಿ. ಎರಡೂ ಕೈ ಎತ್ತಿ ತಲೆಯ ಹಿಂದಕ್ಕೆ ಕೊಂಡೊಯ್ಯಿರಿ. ಆಗುತ್ತಿಲ್ಲವಾ? ನೋವಾಗುತ್ತಿದೆಯಾ? ಇಷ್ಟರಿಂದಲೇ ಫ್ಲೋರೋಸಿಸ್ ಅಂತ ತೀರ್ಮಾನ ಮಾಡಿಕೊಳ್ಳಬೇಡಿ, ಹೆದರಬೇಡಿ. ಆದರೆ ಇದು ಆಗದವರನ್ನು ಪರೀಕ್ಷೆ ಮಾಡದೆ ವಾಪಸ್ ಕಳಿಸುವ ಹಕ್ಕು ಯಾರಿಗೂ ಇಲ್ಲ!

ಆಸ್ಪತ್ರೆಗೆ ಒಬ್ಬರೇ ಹೋಗಬೇಡಿ. ಊರಿನ ನಾಲ್ಕು ಜನ ಸೇರಿ ಹೋಗಿ. ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗಿ, ಅವಳ ಮನೆಯಲ್ಲೂ ಅದೇ ನೀರೇ. ಒಬ್ಬಳ ನೋವು "ಮನಸ್ಸಿನದು" ಆಗಬಹುದು. ಒಂದೇ ಬೋರಿನ ನೀರು ಕುಡಿದ ನಾಲ್ವರ ನೋವೂ ಮನಸ್ಸಿನದು ಅಂತ ಹೇಳಲಿ ನೋಡೋಣ!

ಒಳಗೆ ಹೋದಾಗ ಹೀಗೆ ಹೇಳಿ. "ಡಾಕ್ಟ್ರೇ, ನಾವು ಬೋರ್ ನೀರು ಕುಡಿಯೋರು. ಇಷ್ಟು ವರ್ಷದಿಂದ ಇಂತಿಂಥ ಕಡೆ ನೋವಿದೆ. ಫ್ಲೋರೋಸಿಸ್ ಇದೆಯಾ ಇಲ್ವಾ ನೋಡಿ. ಮೂತ್ರದಲ್ಲಿ ಫ್ಲೋರೈಡ್ ಪರೀಕ್ಷೆಗೆ ಬರೆದುಕೊಡಿ. ಮುಂಗೈ, ಬೆನ್ನಿನ ಎಕ್ಸ್‌ರೇ ಬರೆದುಕೊಡಿ." ಇಲ್ಲಿ ಆಗದಿದ್ದರೆ ಜಿಲ್ಲೆಗೆ ಕಳಿಸಲಿ. ಬೇಡ ಅಂದರೆ ಜಗಳ ಬೇಡ. ಇಷ್ಟೇ ಕೇಳಿ: "ನಾನು ಹೇಳಿದ ನೋವನ್ನ ಚೀಟಿಲಿ ಬರೀರಿ. ಪರೀಕ್ಷೆ ಯಾಕೆ ಬೇಡ ಅಂತಾನೂ ಬರೀರಿ."

ಚೀಟಿಯಲ್ಲಿ ಬರೆಸಿ! ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯಿತು. ಬರೆದದ್ದು ಉಳಿಯಿತು. ಆ ಓಪಿ ಚೀಟಿಗಳನ್ನು ಬಿಸಾಕಬೇಡಿ, ಪಡಿತರ ಚೀಟಿಯ ಜೊತೆ ಇಡಿ. ಒಳರೋಗಿಯಾಗಿ ಸೇರಿದ್ದರೆ ನಿಮ್ಮ ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡತೆಗೆ ಇರುವ 2002ರ ನಿಯಮವೇ ಹೇಳುತ್ತದೆ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದೂ ರೋಗಿಯ ಹಕ್ಕು ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲೇ ಬರೆದಿಟ್ಟಿದೆ. ಯಾರೂ ಕೇಳದಿದ್ದರೆ 104ಕ್ಕೆ ಫೋನ್ ಮಾಡಿ, ಆರೋಗ್ಯ ಸಹಾಯವಾಣಿ.

ಪರೀಕ್ಷೆಯಲ್ಲಿ ಫ್ಲೋರೋಸಿಸ್ ಅಲ್ಲ ಅಂತ ಬಂದರೆ? ಒಳ್ಳೆಯದೇ! ಹಾಗಾದರೆ ಏನು ಅಂತ ಹುಡುಕಲಿ. ಥೈರಾಯ್ಡ್ ಇರಬಹುದು, ಸಂಧಿವಾತ ಇರಬಹುದು, ಗರ್ಭಕೋಶದ ತೊಂದರೆ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು. ಈ ಸೀಮೆಯ ಫ್ಲೋರೋಸಿಸ್‌ಗೆ ಎಷ್ಟೋ ಸಲ ಬರೀ ಸಂಧಿವಾತ ಅಂತ ಹೆಸರಿಟ್ಟು ಕಳಿಸಿದ್ದಾರೆ, ಅದರ ತಿರುಗಾಮುರುಗಾ ಕೂಡ ಆಗಬಾರದಲ್ಲ. ಹುಡುಕಿ ಹೇಳಲಿ. ಹುಡುಕದೆ ಹೇಳಬಾರದು, ಅಷ್ಟೇ.

ಮನೆಯಲ್ಲಿ ಇಂದಿನಿಂದಲೇ ಒಂದು ಬದಲು ಮಾಡಿ. ಫಿಲ್ಟರ್ ಘಟಕದಲ್ಲಿ ಕಾಯಿನ್ ಹಾಕಿ ತಂದ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಂಡು, ಅಡುಗೆಗೆ ಬೋರ್ ನೀರು ಹಾಕುತ್ತೀರಲ್ಲ? ಮುದ್ದೆಗೆ ಎಸರಿಟ್ಟದ್ದು ಯಾವ ನೀರು? ಸಾರಿಗೆ ಯಾವ ನೀರು? ಟೀಗೆ ಯಾವ ನೀರು? ಅದೂ ಹೊಟ್ಟೆಗೇ ಹೋಗುತ್ತದೆ! ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ಗಟ್ಟಿಯಾಗುತ್ತದೆ. ಬಟ್ಟೆ ಪಾತ್ರೆಗೆ ಬೋರ್ ನೀರು ಇರಲಿ, ಬಾಯಿಗೆ ಹೋಗುವುದಕ್ಕೆಲ್ಲ ಒಳ್ಳೆ ನೀರು. ಮಳೆ ನೀರನ್ನು ತಾರಸಿಯಿಂದ ಶುದ್ಧವಾಗಿ ಹಿಡಿದಿಟ್ಟರೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ರಾಗಿ ಬಿಡಬೇಡಿ, ಅದರಲ್ಲಿ ಸುಣ್ಣದ ಅಂಶ ಇದೆ. ನೆಲ್ಲಿಕಾಯಿ, ನಿಂಬೆ, ಸೊಪ್ಪು ತಿನ್ನಿ. ಡೇರಿಗೆ ಹಾಕುವ ಹಾಲಿನಲ್ಲಿ ಒಂದು ಲೋಟ ಮಗುವಿಗೆ, ಒಂದು ಲೋಟ ಮಗುವಿನ ತಾಯಿಗೆ ಉಳಿಸಿ. ಕರಿ ಉಪ್ಪು ಬಿಡಿ, ಟೀ ಕಡಿಮೆ ಮಾಡಿ, ಅವುಗಳಲ್ಲೂ ಫ್ಲೋರೈಡ್ ಇದೆ.

ಫಿಲ್ಟರ್ ಘಟಕವನ್ನೂ ಕಣ್ಣುಮುಚ್ಚಿ ನಂಬಬೇಡಿ. ಒಳಗಿನ ಮೆಂಬ್ರೇನ್ ಹಾಳಾಗಿದ್ದರೆ ಕಾಯಿನ್ ನುಂಗಿ ಅದೇ ಬೋರ್ ನೀರು ಕೊಡುತ್ತದೆ. ಪರೀಕ್ಷೆ ಮಾಡಿಸಿ. ಜಲ ಜೀವನ್ ಮಿಷನ್‌ನಲ್ಲಿ ಊರೂರಿಗೆ ನೀರು ಪರೀಕ್ಷೆಯ ಕಿಟ್ ಕೊಡಬೇಕು, ಪ್ರತಿ ಊರಲ್ಲಿ ಐದು ಜನ ಹೆಂಗಸರಿಗೆ ಅದನ್ನು ಬಳಸಲು ಕಲಿಸಬೇಕು ಅಂತಿದೆ. ನಿಮ್ಮ ಊರಿನ ಆ ಐದು ಜನ ಯಾರು? ಕಿಟ್ ಎಲ್ಲಿದೆ? ಪಂಚಾಯಿತಿಯ ಬೀರುವಿನಲ್ಲಿ ಧೂಳು ಹಿಡಿದು ಕೂತಿದ್ದರೆ ಹೊರಗೆ ತೆಗೆಸಿ!

ಮುಂದಿನ ಗ್ರಾಮಸಭೆಗೆ ಎಲ್ಲರೂ ಬನ್ನಿ. ಹೆಂಗಸರು ಮುಂದೆ ಕೂರಿ. ಕೋಲು ಊರಿಕೊಂಡಾದರೂ ಬನ್ನಿ. ಒಬ್ಬೊಬ್ಬರೂ ನಿಮ್ಮ ಮನೆಯ ನೀರನ್ನು ಒಂದು ಬಾಟ್ಲಿ ತುಂಬಿಕೊಂಡು ಬನ್ನಿ, ಮೇಲೆ ಊರಿನ ಹೆಸರು, ಯಾವ ಬೋರು ಅಂತ ಬರೆದಿರಲಿ. ಬಾಟ್ಲಿಗಳನ್ನು ಪಿಡಿಒ ಮೇಜಿನ ಮೇಲೆ ಸಾಲಾಗಿ ಇಡಿ. ಪ್ರತಿ ಬೋರಿನ ಫ್ಲೋರೈಡ್ ಎಷ್ಟು ಅಂತ ಪಂಚಾಯಿತಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಬೇಕು ಅಂತ ಠರಾವು ಮಾಡಿಸಿ. ಅದೇ ಪಟ್ಟಿಯ ನಕಲು ಆಸ್ಪತ್ರೆಯ ಡಾಕ್ಟರ ಮೇಜಿಗೂ ಹೋಗಬೇಕು. ಯಾವ ಊರಿಂದ ಬಂದಿರಿ ಅಂದ ಕೂಡಲೇ ಅವರ ಕಣ್ಣು ಆ ಪಟ್ಟಿಗೆ ಬೀಳಬೇಕು! ಜಿಲ್ಲೆಯಲ್ಲಿ ಫ್ಲೋರೋಸಿಸ್ ಕಾರ್ಯಕ್ರಮದ ಹಣ ಎಷ್ಟು ಬಂತು, ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನರ ಮೂತ್ರ ಪರೀಕ್ಷೆ ಆಯಿತು, ಎಷ್ಟು ಡಾಕ್ಟರಿಗೆ ತರಬೇತಿ ಆಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ, ಒಂದು ಬಿಳಿ ಹಾಳೆ. 30 ದಿನದಲ್ಲಿ ಉತ್ತರ ಕೊಡಬೇಕು. ಓದುವ ಮಕ್ಕಳಿದ್ದಾರಲ್ಲ ಮನೆಯಲ್ಲಿ, ಅವರ ಕೈಲಿ ಬರೆಸಿ.

ಈಗಾಗಲೇ ಮೈ ಗಟ್ಟಿಯಾಗಿ ಮೂಲೆ ಸೇರಿದವರನ್ನು ಮರೆಯಬೇಡಿ. ಪ್ರತಿ ಊರಲ್ಲೂ ಒಬ್ಬರಿದ್ದಾರೆ, ಜಗಲಿಯ ಮೇಲೆ, ಕೊಟ್ಟಿಗೆಯ ಪಕ್ಕ. ಅವರಿಗೆ ಅಂಗವಿಕಲರ ಕಾರ್ಡು ಮಾಡಿಸಿ. ಕೈಕಾಲು ಆಡದ್ದು ಶೇ. 40 ಅಥವಾ ಅದಕ್ಕೂ ಹೆಚ್ಚಿದ್ದರೆ 2016ರ ಕಾಯ್ದೆಯಲ್ಲಿ ಅವರಿಗೆ ಹಕ್ಕುಗಳಿವೆ. ಕಾರ್ಡು ಮಾಡುವ ಶಿಬಿರಕ್ಕೆ ಅವರನ್ನು ಹೊತ್ತುಕೊಂಡು ಹೋಗಬೇಕಾದರೆ ಊರಿನ ಹುಡುಗರು ಹೊತ್ತುಕೊಂಡು ಹೋಗಿ. ಜಾತ್ರೆಯಲ್ಲಿ ತೇರು ಎಳೆಯುವ ಹುಡುಗರಿಗೆ ಒಬ್ಬ ಅಜ್ಜಿ ಭಾರವಾ?

ನಮ್ಮದು ಸಂಘವಲ್ಲ. ಪಾರ್ಟಿ ಇಲ್ಲ. ಚಂದಾ ಬೇಡ. ಈ ಕಾಗದದ ಹಿಂಬದಿ ಖಾಲಿ ಬಿಟ್ಟಿದ್ದೇವೆ. ಮನೆಗೆ ಹೋಗಿ ಅದರ ಮೇಲೆ ಬರೆಯಿರಿ: ನಿಮ್ಮ ಊರು, ನೀವು ಕುಡಿಯುವ ಬೋರು, ಎಷ್ಟು ವರ್ಷದಿಂದ, ಎಲ್ಲೆಲ್ಲಿ ನೋವು. ಓದು ಬಾರದ ಪಕ್ಕದ ಮನೆಯ ಅಜ್ಜಿಯದ್ದನ್ನೂ ಕೇಳಿ ಇನ್ನೊಂದು ಹಾಳೆಯಲ್ಲಿ ಬರೆದುಕೊಡಿ. ಸೋಮವಾರ ಓಪಿ ತೆಗೆಯುವ ಹೊತ್ತಿಗೆ ಆ ಹಾಳೆ ಕೈಯಲ್ಲಿ ಹಿಡಿದು ನಿಮ್ಮ ಹೋಬಳಿಯ ಆಸ್ಪತ್ರೆಯ ಬಾಗಿಲಲ್ಲಿರಿ. ನಾವೂ ನಮ್ಮ ನಮ್ಮ ಊರಿನ ಆಸ್ಪತ್ರೆಯಲ್ಲಿ ಸಾಲಿನಲ್ಲಿ ನಿಂತಿರುತ್ತೇವೆ.